ಬ್ಯಾಕ್‌ಟೆಸ್ಟ್‌ನಲ್ಲಿ ಸ್ಕಿಪ್ ಆದ ಎಂಟ್ರಿ ಸಿಗ್ನಲ್ ಏನ್ ಮಾಡೋದು? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಪೈಥಾನ್‌ನಲ್ಲಿ ಮೂವಿಂಗ್ ಆವರೇಜ್ (ಹಿಂದಿನ ಕೆಲವು ಕ್ಯಾಂಡಲ್‌ಗಳ ಸರಾಸರಿ ಬೆಲೆ) ಸ್ಟ್ರಾಟಜಿ ಬ್ಯಾಕ್‌ಟೆಸ್ಟ್ ಮಾಡ್ತಿದೀನಿ, ಅಂದ್ರೆ ಹಳೇ ಬೆಲೆಗಳ ಮೇಲೆ ಓಡಿಸಿ ನೋಡ್ತಿದೀನಿ. 20 ಕ್ಯಾಂಡಲ್‌ಗಳ ಸರಾಸರಿ ಲೈನು 50ರ ಲೈನನ್ನ ಮೇಲಕ್ಕೆ ದಾಟಿದ್ರೆ (ಇದೇ ಎಂಟ್ರಿ ಸಿಗ್ನಲ್) ಮುಂದಿನ ಕ್ಯಾಂಡಲ್ (ಚಾರ್ಟ್‌ನಲ್ಲಿ ಒಂದು ಅವಧಿಯ ಬೆಲೆ) ಓಪನ್‌ಗೆ ಬೈ, ಎಕ್ಸಿಟ್ ಆಗೋದು 2% ಸ್ಟಾಪ್‌ಲಾಸ್ (ನಷ್ಟದ ಮಿತಿ) ಇಲ್ಲಾ 4% ಟಾರ್ಗೆಟ್‌ಗೆ (ಲಾಭದ ಗುರಿ), ಒಂದ್ ಸಲಕ್ಕೆ ಒಂದೇ ಪೊಸಿಷನ್ (ಓಪನ್ ಇರೋ ಟ್ರೇಡ್).

ಪೊಸಿಷನ್ ಓಪನ್ ಇರೋವಾಗ ಬರೋ ಸಿಗ್ನಲ್ ಬಿಡಬೇಕು ಸರಿ, ಆದ್ರೆ ಯಾವ್ದು ಬಿಡಬೇಕು ಅನ್ನೋದು ಹಿಂದಿನ ಟ್ರೇಡ್ ಯಾವಾಗ ಮುಗೀತು ಅನ್ನೋದ್ರ ಮೇಲಿದೆ, ಹಂಗಾಗಿ ಪಾಂಡಾಸ್‌ನಲ್ಲಿ (ಪೈಥಾನ್‌ನ ಡೇಟಾ ಲೈಬ್ರರಿ) ಶಿಫ್ಟ್ (ಸಾಲು ಸರಿಸೋದು), ಎಫ್‌ಫಿಲ್ (ಖಾಲಿ ಜಾಗಕ್ಕೆ ಹಿಂದಿನ ವ್ಯಾಲ್ಯೂ ತುಂಬೋದು) ಹಾಕಿ ಒಂದೇ ಏಟಿಗೆ ಕಾಲಂ ಮಾಡೋಕೆ ಹೋದ್ರೆ ಆಗ್ತಿಲ್ಲ. ಪ್ರತಿ ಸಿಗ್ನಲ್‌ಗೂ ಬೇರೆ ಟ್ರೇಡ್ ಅಂತ ಹಾಕಿ ನೋಡ್ದೆ, ಟ್ರೇಡ್‌ಗಳು ಒಂದರ ಮೇಲೊಂದು ಬಿದ್ದು ಒಂದೇ ದುಡ್ಡು ಎರಡು ಕಡೆ ಲೆಕ್ಕಕ್ಕೆ ಬರ್ತಿದೆ, ಆ ರಿಟರ್ನ್ ನಂಬೋ ಹಂಗಿಲ್ಲ. ಕೊನೆಗೆ ಫಾರ್ ಲೂಪ್ ಬರೆದು ಪೊಸಿಷನ್ ಇದೆಯೋ ಇಲ್ವೋ ಅಂತ ಒಂದು ಫ್ಲ್ಯಾಗ್ ಇಟ್ಟಿದೀನಿ, ನಿಧಾನ ಆದ್ರೂ ಓಡ್ತಿದೆ.

ತಲೆ ಕೆಡ್ತಿರೋದು ಇಲ್ಲಿ. ಸಿಗ್ನಲ್ ಸ್ಕಿಪ್ ಆಯ್ತು, ಎರಡು ಕ್ಯಾಂಡಲ್ ಬಿಟ್ಟು ಹಳೇ ಪೊಸಿಷನ್ ಟಾರ್ಗೆಟ್‌ಗೆ ಕ್ಲೋಸ್ ಆಯ್ತು, ಆಗ್ಲೂ 20ರ ಲೈನು ಮೇಲೇ ಇದೆ. ಈಗ ಲೇಟಾಗಿ ಎಂಟ್ರಿ ತಗೋಬೇಕಾ, ಇಲ್ಲಾ ಹೊಸ ಕ್ರಾಸ್ ಆಗೋವರ್ಗೂ ಕಾಯ್ಬೇಕಾ? ಎರಡಕ್ಕೂ ರಿಸಲ್ಟ್ ಪೂರ್ತಿ ಬೇರೆ ಬರ್ತಿದೆ. ಇನ್ನೊಂದು, ಸ್ಟಾಪ್‌ಲಾಸ್ ಹೊಡೆದ ಅದೇ ಕ್ಯಾಂಡಲ್ ಕ್ಲೋಸ್‌ನಲ್ಲಿ ಹೊಸ ಸಿಗ್ನಲ್ ಬಂದ್ರೆ ಲೂಪ್‌ನಲ್ಲಿ ಮೊದ್ಲು ಎಕ್ಸಿಟ್ ಚೆಕ್ ಮಾಡಿ ಆಮೇಲೆ ಎಂಟ್ರಿ ನೋಡೋದು ಸರಿನಾ?