‘ಹಲ್ಲು ಕ್ಲೀನ್ ಮಾಡಿಸುವುದು ಬರೀ ವ್ಯಾಪಾರ’: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರೂ ಓದಿ. “ಆರು ತಿಂಗಳಿಗೊಮ್ಮೆ ಹಲ್ಲು ಕ್ಲೀನ್ ಮಾಡಿಸಿ ಎನ್ನುವುದು ದಂತವೈದ್ಯರ ವ್ಯಾಪಾರ. ಯಂತ್ರ ತಗುಲಿದರೆ ಗಟ್ಟಿ ಹಲ್ಲೂ ಸಡಿಲವಾಗುತ್ತದೆ. ನಮ್ಮ ಹಿರಿಯರಿಗೆ ಇದ್ದಿಲು, ಉಪ್ಪು ಸಾಕಾಗಿತ್ತು.” ಇದರಲ್ಲಿ ನನಗೆ ಸುಳ್ಳೇನೂ ಕಾಣುವುದಿಲ್ಲ. ನನ್ನ ತಾಯಿ ದಂತವೈದ್ಯರ ಮುಖವನ್ನೇ ನೋಡದೆ ಕೊನೆಯವರೆಗೂ ಚಕ್ಕುಲಿ ಕಡಿದು ತಿಂದವರು.

ಅತ್ತಿಗೆ: ದೊಡ್ಡಪ್ಪ, ಅಜ್ಜಿಯ ಹಲ್ಲು ಗಟ್ಟಿಯಿದ್ದದ್ದು ನಿಜ, ಆದರೆ ಅವರ ಓರಗೆಯವರಲ್ಲಿ ಬೊಚ್ಚು ಬಾಯಿಯವರು ಎಷ್ಟು ಮಂದಿ ಇದ್ದರೆಂಬುದನ್ನು ಈ ಸಂದೇಶ ಲೆಕ್ಕಕ್ಕೆ ಹಿಡಿದಿಲ್ಲ. ಯಂತ್ರದಿಂದ ಹಲ್ಲು ಸಡಿಲವಾಗುವುದಿಲ್ಲ. ವಸಡಿನ ಅಡಿಯಲ್ಲಿ ಗಾರೆಯಂತೆ ಗಟ್ಟಿಯಾದ ಪಾಚಿ ಮತ್ತು ಅದರಿಂದಾದ ಉರಿಯೂತ ಸುತ್ತಲಿನ ಮೂಳೆಯನ್ನು ಆಗಲೇ ಕರಗಿಸಿರುತ್ತವೆ. ಪಾಚಿ ತೆಗೆದ ಮೇಲೆ ಆ ಸಡಿಲತೆ ನಾಲಿಗೆಗೆ ತಿಳಿಯುತ್ತದೆ, ಅಷ್ಟೇ.

ನನ್ನ ಚಿಂತೆ ಬೇರೆಯದು. ಹೃದಯ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಕೆಲಸ ಮಾಡುವವಳಾಗಿ ನಾನು ಕಾಣುವುದೇನೆಂದರೆ, ಕವಾಟ ಬದಲಾಯಿಸಿಕೊಳ್ಳಲು ಬರುವವರು ಮೊದಲು ಬಾಯಿಯಲ್ಲಿ ಸೋಂಕಿಲ್ಲವೆಂದು ದಂತವೈದ್ಯರಿಂದ ಬರೆಸಿಕೊಂಡು ಬರಬೇಕಾಗುತ್ತದೆ. ಏಕೆಂದರೆ ಬಾಯಿಯ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಹೊಸ ಕವಾಟದ ಮೇಲೆ ನೆಲೆಯೂರಿದರೆ ಉಂಟಾಗುವ ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪದರದ ಸೋಂಕು, ಪ್ರಾಣಕ್ಕೇ ಕುತ್ತು. ಉಸಿರು ಕಟ್ಟುವ ಸ್ಥಿತಿಯಲ್ಲಿ, ಆಪರೇಷನ್ನಿನ ದಿನ ಗೊತ್ತಾದ ಮೇಲೆ, ಹುಳುಕು ದವಡೆ ಹಲ್ಲು ಕೀಳಿಸಲು ಓಡಾಡುವವರ ಪಾಡು ನೋಡಲಾಗದು. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಮುನ್ನವೂ ಹಲ್ಲು ನೋಡುತ್ತಾರೆ; ವಿಕಿರಣ ತಗುಲಿದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು.

ದೊಡ್ಡಪ್ಪ: ಅದೆಲ್ಲ ರೋಗಿಗಳ ಮಾತಾಯಿತಮ್ಮ. ಗಟ್ಟಿಮುಟ್ಟಾಗಿರುವವರು ಆರು ತಿಂಗಳಿಗೊಮ್ಮೆ ಏಕೆ ಹೋಗಬೇಕು?

ಅತ್ತಿಗೆ: ಆರು ತಿಂಗಳ ವಿಚಾರದಲ್ಲಿ ನಿಮ್ಮ ಸಂಶಯ ನ್ಯಾಯವಾದದ್ದೇ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲೇ ವಯಸ್ಕರಿಗೆ ಅವರವರ ಬಾಯಿಯ ಸ್ಥಿತಿ ನೋಡಿ ತಪಾಸಣೆಗಳ ನಡುವೆ 3ರಿಂದ 24 ತಿಂಗಳವರೆಗಿನ ಅಂತರವನ್ನು ಗೊತ್ತುಮಾಡಬೇಕೆಂದು ಹೇಳಿತು. ಆದರೆ ಆ ಅಂತರ ಗೊತ್ತುಮಾಡುವುದಕ್ಕಾದರೂ ಒಮ್ಮೆ ಹೋಗಿ ಬಾಯಿ ತೆರೆಯಬೇಕಲ್ಲ!

ಭಾವ: ಮಾವನವರೇ, ಗಟ್ಟಿಮುಟ್ಟಾದವರ ಮಾತು ಬಂದದ್ದರಿಂದ ಹೇಳುತ್ತೇನೆ. ಸೇನೆಗೆ ಭರ್ತಿ ಮಾಡಿಕೊಳ್ಳುವಾಗ ಹಲ್ಲಿಗೂ ಅಂಕಗಳಿವೆ. ಒಟ್ಟು 22ರಲ್ಲಿ ಕನಿಷ್ಠ 14 ಅಂಕ ಇರಲೇಬೇಕು. ಮೇಲಿನ ಹಲ್ಲಿಗೆ ಎದುರಾಗಿ ಕೆಳಗೆ ಹಲ್ಲಿದ್ದು ಅಗಿಯಲು ಬರುವಂತಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಹಿಮ ಬಿದ್ದು ದಾರಿ ಮುಚ್ಚಿದ ಠಾಣೆಯಲ್ಲಿ ಒಬ್ಬನ ಹಲ್ಲಿನ ಬುಡ ಕೀವುಗಟ್ಟಿತೆಂದರೆ, ಅವನು ಅನ್ನವನ್ನೂ ಬಿಡುತ್ತಾನೆ, ನಿದ್ದೆಯನ್ನೂ ಬಿಡುತ್ತಾನೆ, ಹವೆ ತಿಳಿಯಾಗುವವರೆಗೆ ಹೆಲಿಕಾಪ್ಟರಂತೂ ಬಾರದು.

ಚಿಕ್ಕಮ್ಮ: ಎಲ್ಲ ಸರಿ, ದುಡ್ಡು ಯಾರು ಕೊಡುತ್ತಾರೆ? ನಮ್ಮ ಆರೋಗ್ಯ ವಿಮೆಯಲ್ಲಿ ಅಪಘಾತದ ಹೊರತು ಹಲ್ಲಿಗೆ ಕಾಸು ಬಿಚ್ಚುವುದಿಲ್ಲ. ರೂಟ್ ಕೆನಾಲ್, ಅದರ ಮೇಲೊಂದು ಕ್ಯಾಪ್ ಎಂದರೆ ಪಿಂಚಣಿಯಲ್ಲಿ ದೊಡ್ಡ ಪಾಲೇ ಹೋಗುತ್ತದೆ.

ಅತ್ತಿಗೆ: ಹುಳುಕು ಚಿಕ್ಕದಿದ್ದಾಗಲೇ ತುಂಬಿಸಿದರೆ ರೂಟ್ ಕೆನಾಲಿನವರೆಗೆ ಹೋಗುವ ಪ್ರಮೇಯವೇ ಬಾರದು, ಚಿಕ್ಕಮ್ಮ. ಬೆಂಗಳೂರಿಗೆ ಬಂದಾಗ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಹೋದರೆ ಖರ್ಚು ಖಾಸಗಿಯವರಿಗಿಂತ ಬಹಳ ಕಡಿಮೆ. ದಂತಭಾಗ್ಯ ಯೋಜನೆಯೂ ಇದೆ, ಆದರೆ ಅದು ಬಡ ಹಿರಿಯರಿಗೆ ಕೊಡುವುದು ಹಲ್ಲುಸೆಟ್ಟನ್ನು, ಅಂದರೆ ಹಲ್ಲು ಹೋದ ಮೇಲಿನ ಮಾತು.

ನಿಮಗಂತೂ ಇದು ಮುಂದೂಡುವ ವಿಷಯವೇ ಅಲ್ಲ. ಮೊದಲನೆಯದಾಗಿ, ವಸಡಿನ ಉರಿಯೂತ ನಿಮ್ಮ ರಕ್ತದ ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ. ವಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟಾಗ ಕೆಲವೇ ತಿಂಗಳಲ್ಲಿ, ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ಎಚ್‌ಬಿಎ1ಸಿ ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಮೇಲಾಗಿ, ಮೂಳೆ ಸವೆತಕ್ಕೆಂದು ನಿಮಗೆ ಬರೆದುಕೊಟ್ಟಿರುವ, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಪಡೆದವರಲ್ಲಿ, ಅಪರೂಪವಾಗಿಯಾದರೂ, ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿಯುವುದುಂಟು. ಆದ್ದರಿಂದ ಕೀಳಿಸಬೇಕಾದ ಹಲ್ಲಿದ್ದರೆ ಅದನ್ನು ಕೀಳಿಸಿ, ಗಾಯ ಮಾಯ್ದ ಮೇಲೆಯೇ ಇಂಜೆಕ್ಷನ್ ತೆಗೆದುಕೊಳ್ಳಿ.

ಚಿಕ್ಕಮ್ಮ: ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಇಂಜೆಕ್ಷನ್ನಿಗೆ ಮುಂದಿನ ವಾರ ಬರಹೇಳಿದ್ದಾರೆ.

ದೊಡ್ಡಪ್ಪ: ಇದ್ದಿಲಿನ ಬಗ್ಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ನಾನು: ಇದ್ದಿಲಿನಿಂದ ಉಜ್ಜಿದರೆ ಕಲೆಯ ಜೊತೆಗೆ ಎನಾಮೆಲ್ಲೂ ಸವೆಯುತ್ತದೆ, ದೊಡ್ಡಪ್ಪ, ಮತ್ತು ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ನಿಮಗೆ ತಣ್ಣೀರು ಕುಡಿದರೆ ಜುಮ್ಮೆನ್ನುವುದಕ್ಕೆ ಅದೂ ಒಂದು ಕಾರಣವಿರಬಹುದು. ಹುಳುಕನ್ನು ತಡೆಯುವುದು ಪೇಸ್ಟಿನಲ್ಲಿರುವ ಫ್ಲೋರೈಡು, ಇದ್ದಿಲಿನಲ್ಲಿ ಅದಿಲ್ಲ.

ದೊಡ್ಡಪ್ಪ: ಸಂದೇಶವನ್ನು ನಾನು ಅಳಿಸುವುದಿಲ್ಲ, ಆರು ತಿಂಗಳ ವಿಚಾರವನ್ನು ನೀವೇ ಒಪ್ಪಿದ್ದೀರಿ. ಶನಿವಾರ ನಿಮ್ಮ ಚಿಕ್ಕಮ್ಮನನ್ನು ದಂತವೈದ್ಯರ ಬಳಿಗೆ ಕರೆದುಕೊಂಡು ಹೋಗುತ್ತೇನೆ. ಹೇಗೂ ಹೋದದ್ದಾಯಿತಲ್ಲ, ಆ ಜುಮ್ಮೆನ್ನುವ ಹಲ್ಲನ್ನೂ ತೋರಿಸಿದರಾಯಿತು.

ಅತ್ತಿಗೆ: ಹಾಗಾದರೆ ನಿಮ್ಮ ರಕ್ತ ತೆಳುವಾಗಿಸುವ ಮಾತ್ರೆಯ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ, ದೊಡ್ಡಪ್ಪ. ಹಲ್ಲು ಕೀಳಬಹುದೆಂದು ಎರಡು ದಿನ ಮೊದಲೇ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಅದನ್ನು ಹೃದಯದ ವೈದ್ಯರೂ ದಂತವೈದ್ಯರೂ ಮಾತಾಡಿಕೊಂಡು ತೀರ್ಮಾನಿಸುತ್ತಾರೆ.