ರಜೆ ಪ್ರವಾಸಕ್ಕೆ ಮಕ್ಕಳಿಗೆ ಎಂಥ ಬಟ್ಟೆ? ಚರ್ಮದ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ಭಾನುವಾರ ನಮ್ಮ ಗ್ರೂಪಿನಲ್ಲೇ ಇರುವ ಚರ್ಮರೋಗ ತಜ್ಞೆ ಮೇಡಂ ಉತ್ತರ ಕೊಡ್ತಾರೆ. ವಿಷಯ: ಬೇಸಿಗೆ ರಜೆ, ಬಿಸಿಲು, ಬಟ್ಟೆ. ದಯವಿಟ್ಟು ಮಕ್ಕಳ ಫೋಟೋ ಹಾಕಬೇಡಿ. ನೋಡಿಯೇ ಹೇಳಬೇಕಾದ ಕಾಯಿಲೆಗೆ ಹತ್ತಿರದ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ (ಚಿಕ್ಕಬಳ್ಳಾಪುರ, ಇಬ್ಬರು ಮಕ್ಕಳ ತಾಯಿ): ಮೇಡಂ, ನಮಸ್ತೆ. ಹೋದ ವರ್ಷ ರಜೆಗೆ ಗೋಕರ್ಣಕ್ಕೆ ಹೋಗಿದ್ವಿ. ಮಗಳಿಗೆ ಎಂಟು ವರ್ಷ. ಬಿಳೀ ಟೀ ಶರ್ಟ್ ಹಾಕ್ಕೊಂಡೇ ಮಧ್ಯಾಹ್ನದವರೆಗೂ ಸಮುದ್ರದಲ್ಲಿ ಆಡಿದ್ಲು. ರಾತ್ರಿ ಹೆಗಲು ಕೆಂಪಗಾಗಿ ಮುಟ್ಟಿಸ್ಕೊಳ್ತಿರಲಿಲ್ಲ, ನಾಲ್ಕು ದಿನಕ್ಕೆ ಸಿಪ್ಪೆ ಎದ್ದು ಬಂತು. ಬಟ್ಟೆ ಇದ್ದೂ ಹೇಗೆ ಸುಡ್ತು? ಈ ಸಲ ಒಂದು ದಿನ ನಂದಿ ಬೆಟ್ಟ, ಆಮೇಲೆ ಮೂರು ದಿನ ಮಲ್ಪೆ. 'ಯುಪಿಎಫ್ 50' ಅಂತ ಬರೆದಿರೋ ಬಟ್ಟೆ ಆನ್‌ಲೈನ್‌ನಲ್ಲಿ ನೋಡಿದೆ, ಇಬ್ಬರಿಗೂ ತಗೊಂಡ್ರೆ ಬಸ್ ಚಾರ್ಜಿಗಿಂತ ಜಾಸ್ತಿ ಆಗುತ್ತೆ. ನಮ್ಮತ್ತೆ, 'ಸೆಖೆಗೆ ಮೈತುಂಬ ಬಟ್ಟೆ ಹಾಕಿದ್ರೆ ಮಕ್ಕಳು ಬೆಂದು ಹೋಗ್ತವೆ' ಅಂತಾರೆ. ಏನು ಮಾಡ್ಲಿ?

ಉತ್ತರ: ಅಮ್ಮಾ, ಮೊದಲು ಆ ಟೀ ಶರ್ಟ್ ವಿಷಯ. ಬಟ್ಟೆ ಅಂದ ಮಾತ್ರಕ್ಕೆ ಎಲ್ಲವೂ ಬಿಸಿಲನ್ನ ಒಂದೇ ಥರ ತಡೆಯಲ್ಲ. ಯುಪಿಎಫ್ ಅನ್ನೋದು ಆ ಅಳತೆ. 50 ಅಂದ್ರೆ ಬಟ್ಟೆ ಮೇಲೆ ಬಿದ್ದ ಅತಿನೇರಳೆ ಕಿರಣದಲ್ಲಿ (ಬಿಸಿಲಲ್ಲಿರೋ, ಕಣ್ಣಿಗೆ ಕಾಣದೆ ಚರ್ಮ ಸುಡೋ ಕಿರಣ) ಐವತ್ತರಲ್ಲೊಂದು ಪಾಲು, ಅಂದ್ರೆ ನೂರಕ್ಕೆ ಎರಡು, ಮೈಗೆ ತಲುಪುತ್ತೆ. ತೆಳ್ಳನೆ ಬಿಳೀ ಕಾಟನ್ ಟೀ ಶರ್ಟಿಗೆ ಆ ಲೆಕ್ಕ ಸುಮಾರು 5ರ ಆಸುಪಾಸು. ಐದರಲ್ಲೊಂದು ಪಾಲು ಒಳಗೆ ಹೋಯ್ತು. ಒದ್ದೆಯಾದ್ರೆ ಇನ್ನೂ ಇಳಿದು ಸುಮಾರು 3ಕ್ಕೆ ಬರುತ್ತೆ, ಮೂರರಲ್ಲೊಂದು ಪಾಲು ಒಳಗೆ. ಒದ್ದೆ ಬಿಳೀ ಬಟ್ಟೆಯಲ್ಲಿ ಮೈ ಕಾಣುತ್ತಲ್ಲ, ಬೆಳಕು ಒಳಗೆ ಹೋಗಿದ್ದಕ್ಕೇ ಅದು ಕಾಣೋದು. ನಿಮ್ಮ ಮಗಳು ಗಂಟೆಗಟ್ಟಲೆ ಆ ಸ್ಥಿತಿಯಲ್ಲಿದ್ಲು. ನೀರೊಳಗೆ ಮುಳುಗಿದ್ರೂ ರಕ್ಷಣೆ ಇಲ್ಲ. ಅರ್ಧ ಮೀಟರ್ ಆಳದಲ್ಲೂ ಮೇಲಿನ ಕಿರಣದ ನೂರಕ್ಕೆ ನಲವತ್ತರಷ್ಟು ಇರುತ್ತೆ. ಒಣ ಮರಳು ಬೇರೆ ಕೆಳಗಿನಿಂದ ಒಂದಿಷ್ಟು ವಾಪಸ್ ಎರಚುತ್ತೆ.

ಹಾಗಂತ ಎಲ್ಲಾ ಹೊಸದಾಗಿ ಕೊಳ್ಳಬೇಕಿಲ್ಲ. ಬೀರು ತೆಗೆದು ಒಂದೊಂದೇ ಬಟ್ಟೆಯನ್ನ ಕಿಟಕಿ ಬೆಳಕಿಗೆ ಹಿಡೀರಿ, ಹಿಂದೆ ಕೈ ಇಡಿ. ಬೆರಳು ಎಣಿಸೋಕೆ ಆದ್ರೆ ಆ ಬಟ್ಟೆ ಮನೆಯೊಳಗೆ. ಬರೀ ಮಬ್ಬು ಬೆಳಕು ಕಂಡ್ರೆ ಪರವಾಗಿಲ್ಲ. ಏನೂ ಕಾಣದೇ ಇದ್ರೆ ಅದೇ ನಿಮ್ಮ ಪ್ರವಾಸದ ಬಟ್ಟೆ. ನೇಯ್ಗೆ ಒತ್ತಾಗಿರಬೇಕು, ಅದು ಎಲ್ಲಕ್ಕಿಂತ ಮುಖ್ಯ. ಆಮೇಲೆ ಬಣ್ಣ: ಕಡುನೀಲಿ, ಮರೂನು, ಕಡುಹಸಿರು ಇವು ಅದೇ ಬಟ್ಟೆಯ ಬಿಳಿಗಿಂತ ಹೆಚ್ಚು ಕಿರಣ ಹೀರಿಕೊಳ್ತವೆ. ಪಾಲಿಯೆಸ್ಟರ್ ನೂಲಿಗೆ ಹತ್ತಿಗಿಂತ ತಡೆಯೋ ಗುಣ ಜಾಸ್ತಿ. ನಾಲ್ಕಾರು ಸಲ ಒಗೆದು ಕುಗ್ಗಿದ ಕಾಟನ್ ಹೊಸದಕ್ಕಿಂತ ಒಳ್ಳೇದು, ಕುಗ್ಗಿದಾಗ ಎಳೆಗಳ ನಡುವಿನ ತೂತು ಮುಚ್ಚಿಕೊಳ್ಳುತ್ತೆ. ಆದ್ರೆ ಸವೆದು ಜಾಳಾದದ್ದು ಬೇಡ.

ಸಮುದ್ರಕ್ಕೆ ಮಾತ್ರ, ದುಡ್ಡು ಹೊಂದಿದ್ರೆ, ಇಬ್ಬರಿಗೂ ಒಂದೊಂದು ತುಂಬುತೋಳಿನ ಈಜುಡುಗೆ ಮೇಲಂಗಿ ತಗೊಳ್ಳಿ. ಒದ್ದೆಯಾದ್ರೂ ಅದರ ಗುಣ ಅಷ್ಟಾಗಿ ಕೆಡಲ್ಲ, ಬೇಗ ಒಣಗುತ್ತೆ. ಯುಪಿಎಫ್ ಅಂತ ಬರೆದಿಲ್ಲದ ಸಾದಾ ಈಜುಡುಗೆಯಾದ್ರೂ ನಡೆಯುತ್ತೆ. ಮೈಗೆ ತೀರಾ ಬಿಗಿಯಾದದ್ದು ಬೇಡ, ಎಳೆದಷ್ಟೂ ತೂತು ಅಗಲ ಆಗುತ್ತೆ.

ನಿಮ್ಮತ್ತೆಯವರ ಮಾತಿಗೆ ಬರ್ತೀನಿ. ನಾನು ಕೋಲಾರ ಕಡೆ ಟೊಮ್ಯಾಟೊ ಬೆಳೆಯೋ ಮನೆಯವಳು. ನಮ್ಮಮ್ಮ ಏಪ್ರಿಲ್ ಬಿಸಿಲಲ್ಲಿ ಹಣ್ಣು ಬಿಡಿಸೋಕೆ ಹೋಗೋವಾಗ ಸೀರೆ ಮೇಲೆ ಅಪ್ಪನ ಹಳೇ ತುಂಬುತೋಳಿನ ಶರ್ಟು ತೊಟ್ಟು, ಮಣಿಕಟ್ಟಿನ ಗುಂಡಿ ಹಾಕಿ, ತಲೆಗೆ ಟವೆಲ್ ಸುತ್ತಿ, ಅದರ ಒಂದು ಸೆರಗನ್ನ ಕತ್ತಿನ ಹಿಂದಕ್ಕೆ ಇಳಿಬಿಡ್ತಿದ್ರು. ಕೂಲಿಗೆ ಬರೋ ಹೆಂಗಸರೆಲ್ಲಾ ಹಾಗೇ. ಈಗಲೂ ಹೊಲದಲ್ಲಿ ನೋಡಿ. ದಿನವಿಡೀ ಬಿಸಿಲಲ್ಲಿ ಇರೋರು ಮೈ ಬಿಟ್ಟುಕೊಂಡು ನಿಲ್ಲಲ್ಲ, ಮುಚ್ಕೋತಾರೆ. ಬಿಸಿಲು ನೇರ ಮೈಗೆ ಬಿದ್ರೆ ಆ ಕಾವನ್ನೂ ಮೈಯೇ ಹೊರಬೇಕು. ಸಡಿಲ ಬಟ್ಟೆ ಇದ್ರೆ ಅದು ಬಟ್ಟೆಗೆ ಬೀಳುತ್ತೆ, ಒಳಗೆ ಗಾಳಿ ಆಡುತ್ತೆ, ಬೆವರು ಆರುತ್ತೆ. ಸಡಿಲ ಅನ್ನೋದನ್ನ ಬಿಡಬೇಡಿ. ಮೈಗಂಟಿದ ತುಂಬುತೋಳು ಹಾಕಿದ್ರೆ ನಿಮ್ಮತ್ತೆ ಹೇಳಿದ ಹಾಗೇ ಆಗುತ್ತೆ.

ಆಸ್ಟ್ರೇಲಿಯಾದಲ್ಲಿ 1981ರಲ್ಲಿ ಬಿಸಿಲಿನ ಜಾಗೃತಿಗೆ ಒಂದು ಪ್ರಚಾರ ಶುರು ಮಾಡಿದ್ರು. ಅದರ ಮೂರು ಮಾತಲ್ಲಿ ಮೊದಲನೇದು ಅಂಗಿ ತೊಡಿ, ಎರಡನೇದು ಸನ್‌ಸ್ಕ್ರೀನ್ ಹಚ್ಚಿ, ಮೂರನೇದು ಟೋಪಿ ಹಾಕಿ. ನಾನೂ ಅಂಗಿಯನ್ನೇ ಮುಂದಿಡ್ತೀನಿ. ಕ್ರೀಮು ಬೆವರಿಗೆ ಹೋಗುತ್ತೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಆಡೋ ಮಗು ನಿಲ್ಲಲ್ಲ. ಶರ್ಟು ತಾನಾಗಿ ಉದುರಿ ಹೋಗಲ್ಲ. ಮುಖ, ಕತ್ತು, ಕೈ ಹಿಂಭಾಗ, ಪಾದ, ಬಟ್ಟೆ ಮುಚ್ಚದ ಇಷ್ಟಕ್ಕೆ ಎಸ್‌ಪಿಎಫ್ (ಕ್ರೀಮು ಎಷ್ಟು ತಡೆಯುತ್ತೆ ಅನ್ನೋ ಅಳತೆ) 30 ಅಥವಾ ಮೇಲಿನ ಕ್ರೀಮು ಸಾಕು.

ಪ್ರಶ್ನೆ (ಅದೇ ತಾಯಿ): ತುಂಬಾ ಥ್ಯಾಂಕ್ಸ್ ಮೇಡಂ. ನಂದಿಗೂ ಇಷ್ಟೆಲ್ಲಾ ಬೇಕಾ? ಅಲ್ಲಿ ತಂಪಿರುತ್ತಲ್ಲ.

ಉತ್ತರ: ಅಲ್ಲೇ ಜನ ಮೋಸಹೋಗೋದು. ಸುಡೋ ಕಿರಣಕ್ಕೂ ಸೆಖೆಗೂ ಸಂಬಂಧ ಇಲ್ಲ. ಆ ಕಿರಣ ಮೈಗೆ ಗೊತ್ತಾಗಲ್ಲ. ನಂದಿ 1,478 ಮೀಟರ್. ಸಾವಿರ ಮೀಟರ್ ಏರಿದ್ರೆ ಕಿರಣ ಹೆಚ್ಚುಕಮ್ಮಿ ನೂರಕ್ಕೆ ಹತ್ತು ಏರುತ್ತೆ, ನಿಮ್ಮೂರಿಂದ ಬೆಟ್ಟಕ್ಕೆ ವ್ಯತ್ಯಾಸ ಅದರ ಅರ್ಧದಷ್ಟು. ಅಲ್ಲಿ ಮೈ ಸುಡೋಕೆ ಎತ್ತರಕ್ಕಿಂತ ತಂಗಾಳಿಯೇ ಕಾರಣ. ಸೆಖೆ ಇಲ್ಲ ಅಂತ ಜನ ಹನ್ನೆರಡು ಗಂಟೆಗೂ ಬಂಡೆ ಮೇಲೆ ಕೂತಿರ್ತಾರೆ, ನೆರಳಿಗೆ ಹೋಗೋಣ ಅಂತ ಅನ್ನಿಸೋದೇ ಇಲ್ಲ. ತೆಳು ಮೋಡ ಇದ್ರೂ ನೂರಕ್ಕೆ ಎಂಬತ್ತರವರೆಗೂ ಕಿರಣ ಇಳಿಯುತ್ತೆ. ಮಕ್ಕಳಿಗೆ ಒಂದು ಆಟ ಕಲಿಸಿ: ತಮ್ಮ ನೆರಳು ತಮಗಿಂತ ಗಿಡ್ಡ ಆದ್ರೆ ಮರದ ಕೆಳಗೆ ಓಡೋದು.

ಕಾಮೆಂಟ್ (ಗುಬ್ಬಿ, ಟೈಲರ್): ಮೇಡಂ, ನಡುವೆ ಮಾತಾಡ್ತಿದೀನಿ, ಕ್ಷಮಿಸಿ. ಮೂವತ್ತು ವರ್ಷದಿಂದ ಹೊಲೀತಿದೀನಿ. ಮಕ್ಕಳಿಗೆ ಹೊಲಿಸೋರು ಮಲ್‌ಮಲ್ ಕೇಳ್ತಾರೆ, ತಂಪು ಅಂತ. ಅದನ್ನ ಬೆಳಕಿಗೆ ಹಿಡಿದ್ರೆ ಆಚೆ ನಿಂತವರ ಮುಖವೇ ಕಾಣುತ್ತೆ. ಕಾಟನ್ನೇ ಬೇಕು ಅಂದ್ರೆ ಪಾಪ್ಲಿನ್ ಕೇಳಿ, ಒತ್ತು ನೇಯ್ಗೆ, ಭಾರವೂ ಇಲ್ಲ. ಹೊಲಿಸೋವಾಗ ತೋಳನ್ನ ಮಣಿಕಟ್ಟಿಗಿಂತ ಒಂದೂವರೆ ಇಂಚು ಉದ್ದ ಬಿಡಿಸಿ. ಮಗು ಕೈ ಎತ್ತಿದಾಗ ತೋಳು ಮೇಲೆ ಹೋಗುತ್ತೆ, ಅಲ್ಲೇ ಬಿಸಿಲು ಬೀಳೋದು. ಕಂಕುಳ ಹತ್ರ ಸಡಿಲ, ಎರಡೂ ಪಕ್ಕ ಸೀಳು ಇದ್ರೆ ಗಾಳಿ ಆಡುತ್ತೆ. ಕಾಲರ್ ಇರಲಿ, ಎತ್ತಿದ್ರೆ ಕತ್ತಿಗೆ ಆಗುತ್ತೆ.

ಉತ್ತರ: ಅಣ್ಣಾ, ಒಂದೂವರೆ ಇಂಚಿನ ಮಾತು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಇನ್ಮೇಲೆ ಪೇಷೆಂಟ್‌ಗಳಿಗೂ ಹೇಳ್ತೀನಿ.

ಪ್ರಶ್ನೆ (ಪಾವಗಡ): ಮೇಡಂ, ನಮ್ಮೂರ ಬಿಸಿಲು ನಿಮಗೆ ಗೊತ್ತಲ್ಲ, 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇಲ್ಲಿಗೇ ಬಂದಿದ್ದು ಸುಮ್ನೆ ಅಲ್ಲ. ರಜೆಗೆ ಬೆಂಗಳೂರಿಂದ ತಂಗಿ ಮಕ್ಕಳು ಬರ್ತಾರೆ, ಊರ ಹುಡುಗರ ಜೊತೆ ಮಧ್ಯಾಹ್ನ ಕ್ರಿಕೆಟ್. ಶರ್ಟು ಹಾಕಿಸಿದ್ರೆ ಆಡಬಹುದಾ?

ಉತ್ತರ: ಇಲ್ಲ ಸರ್, ಇದನ್ನ ಒತ್ತಿ ಹೇಳ್ತೀನಿ. ಬಟ್ಟೆ ಚರ್ಮವನ್ನ ಕಾಯುತ್ತೆ, ಬಿಸಿಗಾಳಿಯಿಂದ ಒಡಲನ್ನ ಕಾಯಲ್ಲ. ಗಾಳಿ ಮೈಗಿಂತ ಬಿಸಿ ಇದ್ದಾಗ ಬೆವರು ಆರೋದೊಂದೇ ದಾರಿ. ನಿಮ್ಮ ಕಡೆ ಒಣಹವೆ, ಬೆವರು ಬೇಗ ಆರುತ್ತೆ, ಎಷ್ಟು ನೀರು ಹೋಯ್ತು ಅನ್ನೋದೇ ಮಕ್ಕಳಿಗೆ ಗೊತ್ತಾಗಲ್ಲ. ಅವರು ಬೆಂಗಳೂರಿನ ಹವೆಗೆ ಒಗ್ಗಿದವರು, ಮೈ ಒಗ್ಗೋಕೆ ಒಂದೆರಡು ವಾರ ಬೇಕು. ಆಟ ಬೆಳಗ್ಗೆ ಒಂಬತ್ತರ ಒಳಗೆ, ಇಲ್ಲ ಸಂಜೆ ನಾಲ್ಕೂವರೆ ಮೇಲೆ. ಬಾಯಾರಿಕೆ ಅನ್ನೋವರೆಗೂ ಕಾಯದೆ ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಯಾವ ಮಗುವಾದ್ರೂ ತಡವರಿಸಿ ಮಾತಾಡಿದ್ರೆ, ಗೊಂದಲ ಬಿದ್ರೆ, ಕುಸಿದು ಬಿದ್ರೆ, ನೆರಳಿಗೆ ತಂದು ಶರ್ಟು ಬಿಚ್ಚಿ, ಮೈಮೇಲೆ ನೀರು ಸುರಿದು ಬೀಸಿ, 108ಕ್ಕೆ ಫೋನ್ ಮಾಡಿ. ಆಗ ಕುಡಿಸೋಕೆ ಹೋಗಬೇಡಿ, ಪ್ರಜ್ಞೆ ಸರಿ ಇಲ್ಲದಾಗ ನೀರು ಶ್ವಾಸಕ್ಕೆ ಹೋಗುತ್ತೆ.

ಮಲ್ಪೆಗೆ ಹೋಗೋ ಅಮ್ಮನಿಗೂ ಇಲ್ಲೇ ಹೇಳಿಬಿಡ್ತೀನಿ: ಕರಾವಳಿಯಲ್ಲಿ ಉಲ್ಟಾ. ಗಾಳಿಯಲ್ಲೇ ತೇವ, ಬೆವರು ಆರಲ್ಲ, ಕಾಟನ್ ಒದ್ದೆಯಾಗೇ ಇದ್ದು ಕಂಕುಳು, ತೊಡೆಸಂದು ಉಜ್ಜಿ ಬೆವರುಸಾಲೆ ಏಳುತ್ತೆ. ಒಂದು ಜೊತೆ ಹೆಚ್ಚಿಗೆ ಇಟ್ಕೊಂಡು ಮಧ್ಯಾಹ್ನ ಬದಲಿಸಿ.

ಪ್ರಶ್ನೆ (ಶ್ರೀನಿವಾಸಪುರ): ಅಕ್ಕ, ನಮ್ಮದು ಮಾವಿನ ತೋಟ. ರಜೆಗೆ ಬಂದ ಮಕ್ಕಳಿಗೆಲ್ಲಾ ಬಾಯಿ ಸುತ್ತ, ಬೆರಳ ಸಂದಲ್ಲಿ ಕಪ್ಪು ಕಲೆ. ಬಿಸಿಲಿಗಾ?

ಉತ್ತರ: ಬಾಯಿ ಸುತ್ತ ಇದ್ರೆ ಹೆಚ್ಚಾಗಿ ಸೊನೆ. ತೊಟ್ಟು ಮುರಿದಾಗ ಬರೋ ಸೊನೆ ಚರ್ಮ ಸುಡುತ್ತೆ, ಆ ಗಾಯದ ಮೇಲೆ ಬಿಸಿಲು ಬಿದ್ರೆ ಕಲೆ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತೆ. ಹಣ್ಣನ್ನ ನೀರಲ್ಲಿ ನೆನೆಸಿ, ತೊಟ್ಟಿನ ಕಡೆ ಕತ್ತರಿಸಿ, ತೊಳೆದು ಕೊಡಿ. ಬಿಡಿಸೋಕೆ ಹೋಗೋವಾಗ ತುಂಬುತೋಳು ಹಾಕಿಸಿದ್ರೆ ಸೊನೆಗೂ ಬಿಸಿಲಿಗೂ ಒಂದೇ ಶರ್ಟು. ನಿಂಬೆಹಣ್ಣಿನ ರಸವೂ ಹೀಗೇ. ಶರಬತ್ತು ಹಿಂಡಿದ ಕೈ ತೊಳೆಯದೆ ಬಿಸಿಲಿಗೆ ಹೋದ್ರೆ, ರಸ ಹರಿದ ಗೆರೆಯ ಮೇಲೇ ಸುಟ್ಟ ಹಾಗೆ ಆಗಿ ಕಪ್ಪಾಗುತ್ತೆ.

ಪ್ರಶ್ನೆ (ಕೋಲಾರ, ಕ್ಯಾಬ್ ಡ್ರೈವರ್): ಮೇಡಂ, ನನ್ನ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪು. ಎಸಿ ಹಾಕಿ ಗ್ಲಾಸ್ ಏರಿಸ್ಕೊಂಡೇ ಇರ್ತೀನಿ.

ಉತ್ತರ: ಗಾಜು ಸುಡಿಸೋ ಕಿರಣವನ್ನ ಬಹುಮಟ್ಟಿಗೆ ನಿಲ್ಲಿಸುತ್ತೆ, ಕಪ್ಪು ಮಾಡೋ ಇನ್ನೊಂದು ಕಿರಣವನ್ನ ಪಕ್ಕದ ಗಾಜು ಬಿಟ್ಟುಬಿಡುತ್ತೆ. ತುಂಬುತೋಳಿನ ಶರ್ಟೇ ಮದ್ದು. ರಸ್ತೆ ಬದಿ ಮಾರೋ, ಕೈಗೆ ಏರಿಸ್ಕೊಳ್ಳೋ ತೋಳುಚೀಲ (ಆರ್ಮ್ ಸ್ಲೀವ್) ತಗೊಂಡ್ರೆ ಒಂದು ಸೈಜ್ ದೊಡ್ಡದೇ ತಗೊಳ್ಳಿ, ಬಿಗಿಯಾಗಿ ಎಳೆದ್ರೆ ಜಾಳಾಗುತ್ತೆ.

ಪ್ರಶ್ನೆ (ಚಿಂತಾಮಣಿ): ನಮ್ಮಮ್ಮ ಹೂವಿನ ತೋಟಕ್ಕೆ ಹೋಗ್ತಾರೆ, ಕೆನ್ನೆ ತುಂಬಾ ಬಂಗು. ತಿರುಪತಿಗೆ ಕರ್ಕೊಂಡು ಹೋಗಬೇಕು, 'ಮುಖ ಹೀಗಿದೆ' ಅಂತ ಬರಲ್ಲ ಅಂತಿದ್ದಾರೆ. ಅಂಗಡಿಯವರು ಒಂದು ಕ್ರೀಮು ಕೊಟ್ಟಿದ್ರು, ಮೊದಲು ಬೆಳ್ಳಗಾಯ್ತು, ಈಗ ಬಿಸಿಲಿಗೆ ಹೋದ್ರೆ ಉರಿ.

ಉತ್ತರ: ಆ ಕ್ರೀಮಿನ ಡಬ್ಬಿ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಇದೆಯಾ ನೋಡಿ. ಇದ್ರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದ್ರೆ ಚರ್ಮ ತೆಳುವಾಗಿ, ನರ ಕಂಡು, ಬಿಸಿಲು ತಡೆಯದ ಹಾಗಾಗುತ್ತೆ. ಈ ಥರ ಮುಖ ಹಿಡ್ಕೊಂಡು ಅಳೋ ಹೆಣ್ಣುಮಕ್ಕಳನ್ನ ನಾನು ವಾರಕ್ಕೆ ಹತ್ತಾರು ನೋಡ್ತೀನಿ, ಸಂಕಟ ಆಗುತ್ತೆ. ತಟ್ಟನೆ ನಿಲ್ಲಿಸಿದ್ರೂ ಉರಿ ಹೆಚ್ಚಬಹುದು, ಆದ್ದರಿಂದ ಡಬ್ಬಿ ಸಮೇತ ಚರ್ಮದ ಡಾಕ್ಟರಿಗೆ ತೋರಿಸಿ ಬಿಡಿಸಿ. ಬಂಗಿಗೆ ಬರೀ ಅತಿನೇರಳೆ ಕಿರಣ ಅಲ್ಲ, ಕಣ್ಣಿಗೆ ಕಾಣೋ ಬೆಳಕೂ ಕಾರಣ. ಸುತ್ತ ಮೂರಿಂಚು ಅಂಚಿರೋ ಟೋಪಿ, ಅದರ ಮೇಲೆ ಸೆರಗು. ಕ್ಯಾಪ್ ಕೆನ್ನೆ, ಕಿವಿ ಮುಚ್ಚಲ್ಲ. ಕ್ರೀಮು ಹಚ್ಚೋದಾದ್ರೆ ಐರನ್ ಆಕ್ಸೈಡ್ ಇರೋ, ಚರ್ಮದ ಬಣ್ಣದ್ದು. ಅಮ್ಮನಿಗೆ ಹೇಳಿ, ಬಂಗು ರೋಗಾನೂ ಅಲ್ಲ, ತಪ್ಪೂ ಅಲ್ಲ. ತಿರುಪತಿಗೆ ಕರ್ಕೊಂಡು ಹೋಗಿ.

ಪ್ರಶ್ನೆ (ತುಮಕೂರು): ಇಷ್ಟೆಲ್ಲಾ ಮುಚ್ಕೊಂಡ್ರೆ ವಿಟಮಿನ್ ಡಿ? ಎಳೆಬಿಸಿಲು ಸಾಲಲ್ವಾ? ನನಗೆ 58, ಬಿಪಿ ಮಾತ್ರೆ ಇದೆ.

ಉತ್ತರ: ವಿಟಮಿನ್ ಡಿ ಮಾಡಿಸೋ ಕಿರಣ ಎಳೆಬಿಸಿಲಲ್ಲಿ ತೀರಾ ಕಮ್ಮಿ ಸರ್. ನಾಲ್ಕು ದಿನ ಪ್ರವಾಸದಲ್ಲಿ ಮುಚ್ಕೊಂಡ್ರೆ ಅದಕ್ಕೇನೂ ಆಗಲ್ಲ. ಕಮ್ಮಿ ಇದೆ ಅನ್ನಿಸಿದ್ರೆ ರಕ್ತಪರೀಕ್ಷೆ, ಮಾತ್ರೆ ಇವೆ. ನಿಮ್ಮ ಬಿಪಿ ಮಾತ್ರೆ ಮುಖ್ಯ. ಪಟ್ಟಿಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇದ್ರೆ ಚರ್ಮ ಬಿಸಿಲಿಗೆ ಬೇಗ ಕೆರಳುತ್ತೆ. ಮೊಡವೆಗೆ ಕೊಡೋ ಡಾಕ್ಸಿಸೈಕ್ಲಿನ್ ಕೂಡಾ ಹಾಗೇ. ಮಾತ್ರೆ ನೀವಾಗೇ ನಿಲ್ಲಿಸಬೇಡಿ, ತೋಳು ಮುಚ್ಕೊಳ್ಳಿ.

ಪ್ರಶ್ನೆ (ಮೊದಲ ತಾಯಿ): ಮೇಡಂ, ಬೀರು ತೆಗೆದು ಎಲ್ಲಾ ಕಿಟಕಿಗೆ ಹಿಡಿದು ನೋಡಿದೆ. ಹೊಸ ಟೀ ಶರ್ಟೆಲ್ಲಾ ಬೆರಳು ಕಾಣ್ತು. ಅವರಪ್ಪನ ಕಡುನೀಲಿ ಹಳೇ ಶರ್ಟು ಎರಡು ಮಾತ್ರ ಪಾಸ್. ಅತ್ತೆನೇ, 'ಇದನ್ನ ಚಿಕ್ಕದು ಮಾಡಿಸು' ಅಂದ್ರು. ನಾಳೆ ಟೈಲರ್ ಹತ್ರ ಹೋಗ್ತೀನಿ.

ಉತ್ತರ: ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ತೋಳು ಕತ್ತರಿಸೋವಾಗ ಗುಬ್ಬಿ ಅಣ್ಣ ಹೇಳಿದ ಒಂದೂವರೆ ಇಂಚು ಮರೀಬೇಡಿ. ಹಾಗೇ ಮಕ್ಕಳ ಟೋಪಿಗೆ ಗಲ್ಲದ ಕೆಳಗೆ ಕಟ್ಟೋಕೆ ಒಂದು ದಾರ ಹೊಲಿಸಿ, ನಂದಿ ಮೇಲೆ ಗಾಳಿ ಜೋರು.