ಸಣ್ಣ ಕಥೆ ಬಿಟ್ಟು ಕಾದಂಬರಿ ಬರೆಯಬೇಕಾ?

ರಾತ್ರಿಬರಹ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾನು ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. 7 ವರ್ಷದಿಂದ ರಾತ್ರಿ ಊಟ ಆದ ಮೇಲೆ ಕೂತು ಸಣ್ಣ ಕಥೆ ಬರೆಯುತ್ತಾ ಬಂದಿದ್ದೇನೆ. ಇಲ್ಲಿಯವರೆಗೆ 11 ಕಥೆ ಆಗಿವೆ. ಅದರಲ್ಲಿ ಎರಡು ಕಥೆ ವಾರಪತ್ರಿಕೆಯಲ್ಲಿ ಬಂದವು.

ಹೋದ ತಿಂಗಳು ಧೈರ್ಯ ಮಾಡಿ ಒಬ್ಬ ಪ್ರಕಾಶಕರ ಹತ್ತಿರ ಹೋದೆ. ಅವರು ಹಾಳೆ ತಿರುವಿಯೂ ನೋಡಲಿಲ್ಲ. "ಕಥಾಸಂಕಲನ ಹೋಗಲ್ಲ, ಕಾದಂಬರಿ ಇದ್ದರೆ ತನ್ನಿ" ಅಂದರು. ಸರಿ, ನನ್ನದೇ ಒಂದು ಕಥೆಯನ್ನು ಬೆಳೆಸೋಣ ಅಂತ ಕೂತೆ.

ಕಥೆ ಇಷ್ಟೇ. ಒಂದು ಸಣ್ಣ ಊರಿನ ಟೈಲರ್. ಒಬ್ಬ ಹೆಂಗಸು ದೀಪಾವಳಿಗೆ ಬೇಕು ಅಂತ ಬ್ಲೌಸ್ ಹೊಲಿಯಲು ಕೊಟ್ಟು ಹೋಗುತ್ತಾಳೆ, ವಾಪಸ್ ಬರುವುದೇ ಇಲ್ಲ. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಅವನು ಅದನ್ನು ಹೊರಗೆ ತೆಗೆದು, ನೀರು ಚಿಮುಕಿಸಿ, ಇಸ್ತ್ರಿ ಹಾಕಿ, ಮಡಚಿ ಮತ್ತೆ ಶೆಲ್ಫಿನಲ್ಲಿ ಇಡುತ್ತಾನೆ. 9 ಪುಟ.

ಅದನ್ನು 80 ಪುಟ ಮಾಡಿದೆ. ಅಷ್ಟು ಬರೆಯಬೇಕಾದರೆ ಅವಳು ಯಾಕೆ ಬರಲಿಲ್ಲ ಅಂತ ಹೇಳಲೇಬೇಕಾಯಿತು. ಮೊದಲು ಗಂಡನಿಗೆ ಟ್ರಾನ್ಸ್‌ಫರ್ ಆಯಿತು ಅಂತ ಬರೆದೆ, ಅದು ಸರಿ ಅನಿಸದೆ ಅವಳಿಗೆ ಕಾಯಿಲೆ ತಂದೆ, ಆಮೇಲೆ ಅದನ್ನೂ ಹೊಡೆದು ಹಾಕಿ ಮನೆಯಲ್ಲಿ ಜಗಳ ಮಾಡಿಸಿದೆ. ಯಾವ ಕಾರಣ ಬರೆದರೂ ಆ ಟೈಲರ್ ಇಸ್ತ್ರಿ ಹಾಕುವಾಗ ಮೊದಲು ನನಗೆ ಆಗುತ್ತಿದ್ದ ಸಂಕಟ ಆಗುತ್ತಲೇ ಇಲ್ಲ. ಕಾದಂಬರಿ ನನ್ನ ಕೈಲಾಗದೆ ಹೀಗಾಗುತ್ತಿದೆಯಾ, ಅಥವಾ ಅದು ಸಣ್ಣ ಕಥೆಯಾಗಿಯೇ ಇರಬೇಕಾದದ್ದಾ? ನೀವೆಲ್ಲ ಇವತ್ತಿಗೂ ಸಣ್ಣ ಕಥೆ ಯಾಕೆ ಓದುತ್ತೀರಿ, ಬರೆಯುವವರು ಯಾಕೆ ಬರೆಯುತ್ತೀರಿ, ದಯವಿಟ್ಟು ಮನಸ್ಸಿಗೆ ಬಂದದ್ದು ಹೇಳಿ.

ಮಲೆನಾಡಿನ ಮೇಷ್ಟ್ರು (ತೀರ್ಥಹಳ್ಳಿ)

ನಾನು 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು, ಈಗ ನಿವೃತ್ತ. ಒಂದು ಪೀರಿಯಡ್ ಅಂದರೆ 40 ನಿಮಿಷ. ಪಾಠ ಬೇಗ ಮುಗಿದ ವರ್ಷಗಳಲ್ಲಿ ಮಕ್ಕಳಿಗೆ ಪಠ್ಯದಲ್ಲಿ ಇಲ್ಲದ ಕಥೆಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಒಂದು ಮಳೆಗಾಲದಲ್ಲಿ ತೇಜಸ್ವಿಯವರ 'ತಬರನ ಕಥೆ' ಓದಿದೆ. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ನನ್ನ ದನಿ ಹಿಂದಿನ ಬೆಂಚಿಗೆ ಕೇಳಿಸದೆ ಆ ಹುಡುಗರೆಲ್ಲ ಎದ್ದು ಬಂದು ನೆಲದ ಮೇಲೆ ಕೂತರು. ಗಂಟೆ ಹೊಡೆಯಿತು, ಊಟದ ಬಿಡುವು, ಆದರೂ ಏಳಲಿಲ್ಲ. ಪಿಂಚಣಿಗೆ ಅಲೆದೂ ಅಲೆದೂ ತಬರ ಸೋತ, ಹೆಂಡತಿ ಹೋದಳು. ಒಬ್ಬ ಹುಡುಗ "ಸರ್, ದುಡ್ಡು ಕೊಡದೆ ಇದ್ದವರ ಹೆಸರೇನು?" ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಆ ಹುಡುಗನಿಗೆ ಸಿಟ್ಟು ಬಂದಿತ್ತು, ಆದರೆ ಸಿಟ್ಟು ಮಾಡಿಕೊಳ್ಳಲು ಒಬ್ಬ ಮನುಷ್ಯ ಸಿಗಲಿಲ್ಲ.

ಆ ಕಥೆ ಇರುವ 'ಅಬಚೂರಿನ ಪೋಸ್ಟಾಫೀಸು' ಸಂಕಲನ ಬಂದದ್ದು 1973ರಲ್ಲಿ. ಆಮೇಲೆ ಗಿರೀಶ್ ಕಾಸರವಳ್ಳಿ 'ತಬರನ ಕಥೆ'ಯನ್ನು ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ನನಗೆ ದೊಡ್ಡದು ಅನಿಸುವುದು ಬೇರೆ. ಪುಸ್ತಕ ಮುಟ್ಟದ, ಸಿನಿಮಾ ನೋಡದ ಜನ ಕೂಡ ತಾಲ್ಲೂಕು ಆಫೀಸಿನ ಮೆಟ್ಟಿಲ ಮೇಲೆ ಕೂತು "ನಮ್ಮದು ತಬರನ ಕಥೆ ಆಯ್ತು ಮಾರಾಯ" ಅನ್ನುತ್ತಾರೆ. ಪೇಪರಿನಲ್ಲೂ ಹಾಗೇ ತಲೆಬರಹ ಬರುತ್ತದೆ. ಒಂದು ಸಣ್ಣ ಕಥೆ ಊರಿನವರ ಬಾಯಿಗೆ ಒಂದು ಮಾತು ಕೊಟ್ಟು ಹೋಯಿತು.

ತಮ್ಮಾ, ನಿನ್ನ ಟೈಲರ್ ವಿಷಯದಲ್ಲಿ ನಿನ್ನ ಕೈ ಸೋತಿಲ್ಲ. ಅವಳು ಯಾಕೆ ಬರಲಿಲ್ಲ ಅಂತ ಟೈಲರ್‌ಗೇ ಗೊತ್ತಿಲ್ಲ. ನೀನು ಓದುಗನಿಗೆ ಹೇಳಿಬಿಟ್ಟರೆ ಟೈಲರ್ ಒಬ್ಬನೇ ಕಾಯುತ್ತಾ ಕೂರಬೇಕಾಗುತ್ತದೆ. 9 ಪುಟದಲ್ಲಿ ನಾವೂ ಅವನ ಜೊತೆ ಕಾಯುತ್ತಿದ್ದೆವು.

ನೈಟ್‌ಡ್ಯೂಟಿ (ಮಂಗಳೂರು)

ನಾನು ಸ್ಟಾಫ್ ನರ್ಸ್. ರಾತ್ರಿ ಪಾಳಿಯಲ್ಲಿ ಎರಡು ಗಂಟೆಯ ರೌಂಡ್ಸ್ ಆದ ಮೇಲೆ ವಾರ್ಡು ಸ್ವಲ್ಪ ತಣ್ಣಗಾಗುತ್ತದೆ. ಆಗ ಒಂದು ಕಥೆ ಓದುತ್ತೇನೆ. ಎಲ್ಲರೂ "ಈಗ ಜನಕ್ಕೆ ಟೈಮ್ ಇಲ್ಲ, ಅದಕ್ಕೇ ಸಣ್ಣ ಕಥೆ" ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಟೈಮ್ ಇಲ್ಲದವರು ಸುಮ್ನೆ ರೀಲ್ಸ್ ನೋಡಬಹುದಲ್ವಾ. ಒಳ್ಳೆಯ ಕಥೆ ಓದಲು 20 ನಿಮಿಷ ಸಾಕು, ಆದರೆ ಬೆಳಿಗ್ಗೆ ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ಅದು ತಲೆಯಲ್ಲಿ ಇರುತ್ತದೆ. ನಿದ್ದೆ ಮಾಡಿ ಎದ್ದ ಮೇಲೂ ಇರುತ್ತದೆ.

ನನ್ನ ಕೆಲಸದಲ್ಲಿ ಜನರ ಬದುಕು ಹಾಗೇ ಕಾಣಿಸುವುದು. ಒಂದು ರಾತ್ರಿ ವಯಸ್ಸಾದ ಅಮ್ಮ ಒಬ್ಬರು ಡ್ರಿಪ್ ಬದಲಿಸುವಾಗ ನನ್ನ ಕೈ ಹಿಡಿದುಕೊಂಡು, "ನನ್ನ ತಮ್ಮ ಬಂದರೆ ಒಳಗೆ ಬಿಡಬೇಡ ಮಗಾ, ಆದರೆ ಬಂದಿದ್ದ ಅಂತ ನನಗೆ ಹೇಳು" ಅಂದರು. ಅಷ್ಟು ಹೇಳಿ ನಿದ್ದೆ ಹೋದರು. ನನಗೆ ಎರಡು ದಿನ ರಜೆ ಇತ್ತು. ಬಂದು ನೋಡಿದರೆ ಆ ಬೆಡ್‌ನಲ್ಲಿ ಬೇರೆ ಯಾರೋ. ಡಿಸ್ಚಾರ್ಜ್ ಆಗಿ ಹೋಗಿದ್ದರು. ತಮ್ಮ ಬಂದನೋ ಇಲ್ಲವೋ ಗೊತ್ತಿಲ್ಲ. ನಾಲ್ಕು ವರ್ಷ ಆಯಿತು, ವಿಸಿಟರ್ಸ್ ಟೈಮಿನಲ್ಲಿ ಬಾಗಿಲ ಹತ್ತಿರ ವಯಸ್ಸಾದ ಗಂಡಸರು ಯಾರಾದರೂ ಹಿಂದೆ ಮುಂದೆ ನೋಡುತ್ತಾ ನಿಂತಿದ್ದರೆ ನನಗೆ ಈಗಲೂ ಆ ಅಮ್ಮನದೇ ನೆನಪು. ಇದನ್ನು ಯಾರಾದರೂ 300 ಪುಟ ಬರೆದರೆ ಓದುತ್ತೇನೆ, ಆದರೆ ನನಗೆ ಸಿಕ್ಕಿದ್ದು ಒಂದೇ ಮಾತು, ಮತ್ತು ಆ ಒಂದು ಮಾತೇ ಪೂರ್ತಿ ಇದೆ.

ಪುಸ್ತಕದಂಗಡಿ (ಹುಬ್ಬಳ್ಳಿ)

ನಾನು ಸ್ವಲ್ಪ ಬೇರೆ ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಪ್ರಕಾಶಕರು ಹಾಳೆ ತಿರುವದೆ ಕಳಿಸಿದ್ದು ತಪ್ಪು, ಆದರೆ ಅವರು ಸುಳ್ಳು ಹೇಳಿಲ್ಲ. ಹೊಸಬರ ಕಥಾಸಂಕಲನ ನಿಧಾನವಾಗಿ ಹೋಗುತ್ತದೆ. ನಮ್ಮ ಅಂಗಡಿಯಲ್ಲಿ ಕಾದಂಬರಿ ಕೇಳಿಕೊಂಡು ಬರುವವರೇ ಜಾಸ್ತಿ. ಮಾಸ್ತಿಯವರು 'ಶ್ರೀನಿವಾಸ' ಅನ್ನುವ ಕಾವ್ಯನಾಮದಲ್ಲಿ ಹೆಸರು ಮಾಡಿದ್ದು ಸಣ್ಣ ಕಥೆಯಿಂದ, ಆದರೆ ಅವರಿಗೂ 1983ರ ಜ್ಞಾನಪೀಠ ಬಂದದ್ದು ಕಾದಂಬರಿಗೆ. ಇದನ್ನೆಲ್ಲ ಗೊತ್ತಿದ್ದೇ ಬರೆಯಬೇಕು.

ಆದರೆ ಇನ್ನೊಂದು ಮಾತೂ ಹೇಳಬೇಕು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ರಿ, ಅದು 12 ಸಣ್ಣ ಕಥೆಗಳಿಗೆ ಬಂದದ್ದು. ಸಣ್ಣ ಕಥೆಗಳ ಸಂಕಲನಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು, ಕನ್ನಡಕ್ಕೂ ಅದೇ ಮೊದಲು. ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಆ ಕಥೆಗಳು 1990ರಿಂದ ಈಚೆ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಬರೆದವು. ಅಷ್ಟು ವರ್ಷ ಅವರು ವಕೀಲಿಕೆ, ಮನೆ, ಹೋರಾಟ ಎಲ್ಲದರ ನಡುವೆ ಸಣ್ಣ ಕಥೆ ಬರೆಯುವುದನ್ನು ಬಿಡಲಿಲ್ಲ. ಆ ವಾರ ನಮ್ಮ ಅಂಗಡಿಗೆ ಕಾಲೇಜಿನ ಒಬ್ಬಳು ಹುಡುಗಿ ಬಂದು, "ಅಣ್ಣಾರ, ಅವರ ಕಥೆ ಕನ್ನಡದಾಗ ಅದಾವೇನ್ರಿ?" ಅಂತ ಕೇಳಿದಳು. ಕನ್ನಡದಾಗೇ ಬರೆದದ್ದು ತಂಗಿ ಅಂತ ಹೇಳಿ ಪುಸ್ತಕ ಕೈಗೆ ಕೊಟ್ಟೆ. ಅಲ್ಲೇ ನಿಂತು ಒಂದು ಕಥೆ ಪೂರ್ತಿ ಓದಿ, ಆಮೇಲೆ ದುಡ್ಡು ಕೊಟ್ಟಳು. ಕಾದಂಬರಿ ಆಗಿದ್ದರೆ ನಿಂತು ಓದಿ ಮುಗಿಸಲು ಆಗುತ್ತಿರಲಿಲ್ಲ ನೋಡ್ರಿ.

ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳಿಗೆ ಕಳಿಸ್ತಾ ಇರ್ರಿ. ಅಲ್ಲಿಂದ ಓದುಗರು ಸಿಗ್ತಾರ, ಓದುಗರು ಸಿಕ್ಕ ಮೇಲೆ ಪ್ರಕಾಶಕರೂ ಸಿಗ್ತಾರ.

ಅವರೆಕಾಯಿ (ಹುಣಸೂರು)

ನಾನು ಬರೆಯುವವಳು. ಮಗು ಮಲಗಿದ ಮೇಲೆ ಬರೆಯುತ್ತೇನೆ, ಆದ್ದರಿಂದ ನಿಮ್ಮ ರಾತ್ರಿ ನನಗೆ ಚೆನ್ನಾಗಿ ಗೊತ್ತು.

ಪಿಯುಸಿಯಲ್ಲಿ ಇದ್ದಾಗ ಲೈಬ್ರರಿಯಲ್ಲಿ ಕೊಡಗಿನ ಗೌರಮ್ಮನವರ ಕಥೆ ಸಿಕ್ಕಿತು. 1912ರಲ್ಲಿ ಹುಟ್ಟಿದವರು, 1939ರಲ್ಲಿ ಹೊಳೆಯಲ್ಲಿ ಮುಳುಗಿ ಹೋದರು. ಇನ್ನೂ ಮೂವತ್ತು ತುಂಬಿರಲಿಲ್ಲ. ಆಗಿನ ಕಾಲದಲ್ಲಿ ವಿಧವೆಯರ ಬಗ್ಗೆ, ಮದುವೆಯಲ್ಲಿ ಸಿಕ್ಕಿಕೊಂಡ ಹೆಣ್ಣುಮಕ್ಕಳ ಬಗ್ಗೆ ಅಷ್ಟು ನೇರವಾಗಿ, ಅಷ್ಟು ಕಡಿಮೆ ಮಾತಿನಲ್ಲಿ ಬರೆದಿದ್ದಾರೆ. ಅವರಿಗೆ ಕಾದಂಬರಿ ಬರೆಯುವಷ್ಟು ಆಯಸ್ಸು ಸಿಗಲಿಲ್ಲ, ನಿಜ. ಆದರೆ ಆ ಕಥೆಗಳನ್ನು ಓದುವಾಗ ಏನೋ ಕಡಿಮೆ ಬಿತ್ತು ಅಂತ ನನಗೆ ಒಮ್ಮೆಯೂ ಅನಿಸಿಲ್ಲ.

ಈಗ ಬರೆಯುವ ವಿಷಯ. ಹೋದ ಚಳಿಗಾಲದಲ್ಲಿ ಒಂದು ಕಥೆ ಬರೆದು ಎಲ್ಲಿ ಮುಗಿಸಬೇಕು ಅಂತ ತಿಳಿಯದೆ ಒದ್ದಾಡುತ್ತಿದ್ದೆ. ನಮ್ಮತ್ತೆ ಅಡುಗೆಮನೆಯಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದರು. ಅವರಿಗೆ ಓದಲು ಬರುವುದಿಲ್ಲ. ಪಕ್ಕದಲ್ಲಿ ಕೂತು ಓದಿ ಹೇಳಿದೆ. ಬೇಳೆ ಒಂದು ಪಾತ್ರೆಗೆ, ಸಿಪ್ಪೆ ಒಂದು ಮೊರಕ್ಕೆ, ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಒಂದು ಕಡೆ ಕೈ ನಿಂತಿತು. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಕಾಳು ಹಾಗೇ ಇತ್ತು. ನಾನು ಓದುತ್ತಾ ಹೋದೆ, ಇನ್ನೊಂದೂವರೆ ಪುಟ ಇತ್ತು. ಅಷ್ಟರಲ್ಲಿ ಕೈ ಮತ್ತೆ ಓಡಲು ಶುರುವಾಯಿತು. ಕೈ ನಿಂತ ಸಾಲಿಗೇ ಕಥೆ ಮುಗಿಸಿದೆ, ಆ ಒಂದೂವರೆ ಪುಟ ಹರಿದು ಹಾಕಿದೆ. ಅಲ್ಲಿ ಒಳ್ಳೊಳ್ಳೆ ವಾಕ್ಯಗಳಿದ್ದವು, ಹೊಟ್ಟೆ ಉರಿಯಿತು. ಆದರೂ ಬರೆಯುವುದರಲ್ಲಿ ನನಗೆ ಅದಕ್ಕಿಂತ ಇಷ್ಟವಾದ ಕೆಲಸ ಇನ್ನೊಂದಿಲ್ಲ.

ನಿಮ್ಮ 9 ಪುಟವನ್ನು ಒಮ್ಮೆ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ ನೋಡಿ.

ರಾತ್ರಿಬರಹ (ತುಮಕೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಟೈಲರ್‌ಗೇ ಗೊತ್ತಿಲ್ಲ ಅಂದಿರಲ್ಲ, ಆ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಪಕ್ಕಕ್ಕೆ ಇಟ್ಟುಬಿಟ್ಟೆ. 80 ಪುಟವನ್ನು ಕಟ್ಟಿ ಮೇಲೆ ಇಟ್ಟಿದ್ದೇನೆ. ನಿನ್ನೆ ಹಳೆಯ 9 ಪುಟ ತೆಗೆದು ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಏನೂ ಹೇಳಲಿಲ್ಲ, ಎದ್ದು ಹೋಗಿ ಬೀರುವಿನಲ್ಲಿ ಏನೋ ಹುಡುಕುತ್ತಿದ್ದಳು.

ನೈಟ್‌ಡ್ಯೂಟಿ (ಮಂಗಳೂರು)

ಒಂದು ಕೇಳಲಾ? ಟೈಲರ್‌ಗೆ ಹೊಲಿಯಲು ಕೊಡುವಾಗ ನಾವು ಅಳತೆ ಬ್ಲೌಸ್ ಅಂತ ಹಳೆಯದೊಂದು ಕೊಡುತ್ತೇವಲ್ಲ. ಹೊಸದು ಶೆಲ್ಫಿನಲ್ಲಿ ಇದೆ, ಸರಿ. ಅವಳು ಅಳತೆಗೆ ಕೊಟ್ಟದ್ದು ಎಲ್ಲಿದೆ?

ರಾತ್ರಿಬರಹ (ತುಮಕೂರು)

ಅಯ್ಯೋ. ಇಷ್ಟು ವರ್ಷದಲ್ಲಿ ನನಗೆ ಇದು ಹೊಳೆದೇ ಇಲ್ಲ ಸಿಸ್ಟರ್. ಅದೂ ಅವನ ಹತ್ತಿರವೇ ಇರಬೇಕಲ್ವಾ. ಅವಳು ತೊಟ್ಟದ್ದು, ಒಗೆದೂ ಒಗೆದೂ ಬಣ್ಣ ಹೋದದ್ದು, ಕಂಕುಳ ಹತ್ತಿರ ಹೊಲಿಗೆ ಬಿಚ್ಚಿದ್ದು. ಅದಕ್ಕೆ ಅವನು ಇಸ್ತ್ರಿ ಹಾಕುವುದಿಲ್ಲ. ಇವತ್ತು ರಾತ್ರಿ ಬರೆಯುತ್ತೇನೆ.